ಬಿಳಿಜಾಲಿಯ ಮೇಲೆ ಹೊರಿಸಿದ ಸಾವು

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ತಮಿಳುನಾಡಿನ ತೊಪ್ಪೂರು ಘಾಟಿಯ ಕೆಳಗೆ, ಕನ್ನಡ ಮಾತಾಡುವ ಒಂದು ಹಳ್ಳಿಯಲ್ಲಿ, ಬಾವಿಯ ಪಕ್ಕದ ಬದುವಿನ ಮೇಲೆ ನಾಲ್ಕು ಕುರಿಗಳು ಸತ್ತು ಬಿದ್ದಿದ್ದವು. ನಾನು ಮೊಪೆಡ್ ನಿಲ್ಲಿಸಿದೆ. ಗಡಿಯಾರ ನೋಡಿ ಕೇಸ್ ಪುಸ್ತಕದಲ್ಲಿ ಸಮಯ ಬರೆದೆ. ಒಂದು ಕುರಿಯನ್ನೂ ಮುಟ್ಟುವ ಮೊದಲೇ, ಪಕ್ಕದ ಕಾಲಂನಲ್ಲಿ 'ಮರದ ವಿಷ' ಎಂದೂ ಬರೆದುಬಿಟ್ಟೆ. ಆಮೇಲೆ ಆದದ್ದೆಲ್ಲ ಆ ಎರಡು ಪದಗಳಿಂದ ಆಯಿತು.

ಪಶುವೈದ್ಯನಾಗಿ ನಿವೃತ್ತನಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಅನುಭವ ಹೇಳಿ ಸಾರ್ ಅನ್ನುತ್ತಾರೆ. ಕರು ಅಡ್ಡ ತಿರುಗಿದ ಹಸುವಿನ ಹೆರಿಗೆ, ಸೀರೆ ನುಂಗಿದ ಎಮ್ಮೆ, ಇಂಥವನ್ನು ಹೇಳಿ ಕಾಫಿ ಕುಡಿಸಿ ಕಳಿಸುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳಲು ಹೊರಟರೆ ಎಮ್ಮೆಯ ಕಥೆಗೇ ತಿರುಗಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ. ಅಲ್ಲಿನ ಜನ ಇನ್ನೂ ಇದ್ದಾರೆ.

ತೊಂಬತ್ತರ ದಶಕದ ಮಾತು. ನಾನು ಸೇಲಂನ ಕನ್ನಡ ನೇಕಾರರ ಮನೆಯವನು. ಕುರಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದೇ ಕಾಲೇಜಿನಲ್ಲಿ. ಧರ್ಮಪುರಿ ಕಡೆಯ ಆ ಸಣ್ಣ ಪಶು ಆಸ್ಪತ್ರೆಗೆ ಬಂದಾಗ ನನ್ನ ಬಳಿ ಇದ್ದದ್ದು ಪದವಿ ಮಾತ್ರ. ಅನುಭವವೆಲ್ಲ ನನ್ನ ಸಹಾಯಕ ಪೆರುಮಾಳ್ ಅವರದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹಟ್ಟಿಯೊಳಗೆ ಕಾಲಿಟ್ಟ ಕೂಡಲೇ ಯಾವ ಆಡು ಮೇವು ಬಿಟ್ಟಿದೆ ಎಂದು ಹೇಳುತ್ತಿದ್ದರು. ಆದರೂ ನನ್ನನ್ನು 'ಸಾರ್' ಎನ್ನುತ್ತಿದ್ದರು. ಅವರು ಸಾರ್ ಎಂದದ್ದಕ್ಕೆ ನಾನು ಅವರಿಗಿಂತ ಹೆಚ್ಚು ಬಲ್ಲವನೆಂದು ನಂಬಿದ್ದೆ.

ಆ ನಾಲ್ಕು ಕುರಿ ಸಾಯುವುದಕ್ಕೆ ಹತ್ತು ದಿನ ಮೊದಲು, ಅದೇ ಊರಿನಲ್ಲಿ ನಾನು ದೊಡ್ಡ ಮನುಷ್ಯನಾಗಿದ್ದೆ. ಯಾರೋ ದೋಟಿಯಿಂದ ಬಿಳಿಜಾಲಿಯ ಕೊಂಬೆ ಎಳೆದು ಹಾಕಿದ್ದರು. ಹಸಿದ ಆಡುಗಳು ಬಾಡಿದ ಎಳೆ ಸೊಪ್ಪನ್ನು ಹೊಟ್ಟೆ ತುಂಬ ತಿಂದು ಉಸಿರಿಗೆ ಒದ್ದಾಡುತ್ತಿದ್ದವು. ಬಿಳಿಜಾಲಿಯ ಎಳೆ ಸೊಪ್ಪಿನಲ್ಲಿ ಸಯನೈಡ್ ವಿಷವಿರುತ್ತದೆ. ನಾನು ಥಯೋಸಲ್ಫೇಟ್ ಇಂಜೆಕ್ಷನ್ ಕೊಟ್ಟೆ. ಅದು ಮುಗಿದಾಗ, ಫೋಟೋ ಸ್ಟುಡಿಯೋದವರು ಫಿಲ್ಮ್ ತೊಳೆಯಲು ಬಳಸುವ ಹೈಪೋ ಅದೇ ರಾಸಾಯನಿಕವೆಂದು ನೆನಪಾಗಿ, ತೊಪ್ಪೂರಿನ ಸ್ಟುಡಿಯೋದಿಂದ ತರಿಸಿ ನೀರಿನಲ್ಲಿ ಕಲಸಿ ಕುಡಿಸಿದೆ. ಹನ್ನೊಂದು ಆಡುಗಳಲ್ಲಿ ಒಂಬತ್ತು ಎದ್ದು ನಿಂತವು. ಫೋಟೋ ಹಿಡಿಯುವ ಉಪ್ಪಿನಲ್ಲಿ ಜೀವ ಉಳಿಸಿದ ಡಾಕ್ಟರ್ ಎಂದು ಬಸ್ಸಿನಲ್ಲೆಲ್ಲ ಮಾತಾಯಿತು. ಕಂಡಕ್ಟರ್ ನನಗೆ ಸೀಟು ಬಿಡಿಸಿಕೊಟ್ಟ. ಆ ಸೀಟಿನಲ್ಲಿ ಕೂತು ಬಂದವನಿಗೆ ಆ ಮರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ನಾನು ಅದಲು ಬದಲು ಮಾಡಿದ ಎರಡು ಜೀವಿಗಳ ಬಗ್ಗೆ ಹೇಳಬೇಕು.

ಒಂದು ಬಿಳಿಜಾಲಿ. ತೊಗಟೆ ಬೂದಿ ಬಳಿದ ಹಾಗೆ ಬೆಳ್ಳಗೆ. ತಮಿಳಿನ ಪುರಟ್ಟಾಸಿ ತಿಂಗಳು, ಅಂದರೆ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ಮೈತುಂಬ ಕೆನೆ ಬಣ್ಣದ ಪುಟ್ಟ ಉಂಡೆಗಳಂಥ ಹೂವು ಬಿಟ್ಟು ನಿಂತರೆ, ಜೇನ್ನೊಣಗಳ ಸದ್ದು ದಾರಿಯವರೆಗೆ ಕೇಳುತ್ತದೆ. ಬೇರೆ ಮರ ಬದುಕದ ಕಲ್ಲು ನೆಲದಲ್ಲಿ ಕುರಿಗೆ ನೆರಳು, ಬೇಸಿಗೆಗೆ ಕಾಯಿ, ಬೇಲಿಗೆ ಮುಳ್ಳು ಕೊಡುತ್ತದೆ. ಇನ್ನೊಂದು, ಮಣ್ಣಿನಲ್ಲಿ ಇರುವ ಬ್ಯಾಕ್ಟೀರಿಯ. ಅದು ತರುವ ಕಾಯಿಲೆಗೆ ಇಂಗ್ಲಿಷಿನಲ್ಲಿ ಆಂಥ್ರಾಕ್ಸ್, ನಮ್ಮಲ್ಲಿ ನೆರಡಿ, ತಮಿಳಿನವರಲ್ಲಿ ಅಡೈಪ್ಪಾನ್. ಹೂವಿಲ್ಲ, ನೆರಳಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಗಟ್ಟಿ ಸಿಪ್ಪೆಯೊಳಗೆ ಮುದುರಿಕೊಂಡು ಹತ್ತಾರು ವರ್ಷ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರಬಲ್ಲದು.

ಎರಡೂ ಒಂದೇ ಹೊಲದಲ್ಲಿ ಇರುತ್ತವೆ, ಒಂದೇ ಮಳೆಗೆ ಏಳುತ್ತವೆ. ಒಣ ತಿಂಗಳುಗಳ ಮೇಲೆ ಮಳೆ ಬಿದ್ದರೆ ಮರ ಎಳೆ ಸೊಪ್ಪು ಬಿಡುತ್ತದೆ. ಅದೇ ಮಳೆ ಕೆಳಗಿನ ಮಣ್ಣನ್ನು ಮೇಲೆ ತರುತ್ತದೆ, ಹುಲ್ಲನ್ನು ಬುಡಸಮೇತ ಕೀಳುವ ಕುರಿಯ ಬಾಯಿಗೆ ಆ ಮಣ್ಣೂ ಹೋಗುತ್ತದೆ. ಎರಡೂ ಮುನ್ಸೂಚನೆ ಕೊಡದೆ ಕೊಲ್ಲುತ್ತವೆ, ಎರಡರಲ್ಲೂ ಹೊಟ್ಟೆ ಉಬ್ಬುತ್ತದೆ. ಆದರೆ ಮರದ ವಿಷದಲ್ಲಿ ರಕ್ತ ಕುಂಕುಮದಂತೆ ಕೆಂಪಾಗಿರುತ್ತದೆ. ನೆರಡಿಯಲ್ಲಿ ಡಾಂಬರಿನಂತೆ ಕಪ್ಪಾಗಿ, ಹೆಪ್ಪುಗಟ್ಟದೆ, ಮೂಗು ಗುದದಿಂದ ಜಿನುಗುತ್ತದೆ, ಹೆಣ ಸೆಟೆಯುವುದಿಲ್ಲ. ಮರ ಕೊಂದರೆ ಆ ಪ್ರಾಣಿಯೊಂದಿಗೆ ಕಥೆ ಮುಗಿಯುತ್ತದೆ. ನೆರಡಿಯಲ್ಲಿ ಸತ್ತ ಕುರಿಯನ್ನು ಕೊಯ್ದರೆ ಗಾಳಿ ತಾಗಿ ಬ್ಯಾಕ್ಟೀರಿಯ ಮತ್ತೆ ಸಿಪ್ಪೆ ಕಟ್ಟಿಕೊಂಡು ನೆಲಕ್ಕಿಳಿಯುತ್ತದೆ, ಮುಟ್ಟಿದವರ ಚರ್ಮಕ್ಕೂ ಇಳಿಯುತ್ತದೆ. ಆದ್ದರಿಂದ ಅನುಮಾನವಿದ್ದರೆ ಹೆಣಕ್ಕೆ ಕತ್ತಿ ತಾಗಿಸಬಾರದು. ಕಿವಿಯ ರಕ್ತನಾಳ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ.

ಕುರಿಗಳು ಮಾದಮ್ಮನವರವು. ಅರವತ್ತು ದಾಟಿದ ಹೆಂಗಸು, ಗಂಡ ಇಲ್ಲ. ತಮ್ಮ ಸಿದ್ದಪ್ಪ ಅವರ ಜೊತೆಗಿದ್ದ. ಕುರಿ ಮೇಯಿಸುವುದು, ಬಾವಿ ತೋಡುವುದು, ಮದುವೆ ಮನೆಗೆ ಕುರಿ ಕೊಯ್ದು ಹಸನು ಮಾಡಿಕೊಡುವುದು, ಎಲ್ಲದಕ್ಕೂ ಊರಿನವರು ಅವನನ್ನೇ ಕರೆಯುತ್ತಿದ್ದರು.

ಅವತ್ತು ನನ್ನ ಜೊತೆ ಬಂದಿದ್ದ ಪೆರುಮಾಳ್ ಒಂದು ಕುರಿಯ ತಲೆ ಎತ್ತಿ ನೋಡಿದರು. "ಸಾರ್, ಮೂಗಲ್ಲಿ ರಕ್ತ ಐತೆ. ಒಂದ್ ಸ್ಲೈಡ್ ಎತ್ಕಳಾಣ್ವಾ?"

"ಬಿದ್ದಾಗ ಕಲ್ಲಿಗೆ ತಾಗಿದೆ ಪೆರುಮಾಳ್. ಎಲ್ಲದಕ್ಕೂ ಸ್ಲೈಡ್ ಕಳಿಸಿದರೆ ಲ್ಯಾಬಿನವರು ನಗುತ್ತಾರೆ."

ಅವರು ಕುರಿಯ ತಲೆಯನ್ನು ಕೆಳಗಿಟ್ಟು ಹಿಂದೆ ಸರಿದರು. ಸ್ಲೈಡುಗಳ ಪೆಟ್ಟಿಗೆ ಮೊಪೆಡ್ಡಿನ ಚೀಲದಲ್ಲೇ ಇತ್ತು.

ನಾನು ಗ್ಲೌಸ್ ಇಲ್ಲದೆ, ಬರಿಗೈಯಲ್ಲಿ ಕತ್ತಿ ಹಿಡಿದು ಒಂದು ಕುರಿಯ ಎಡ ಪಕ್ಕೆ ಕೊಯ್ದೆ. ಹೊಟ್ಟೆಯ ಚೀಲ ಸೀಳಿದೆ. ಅರ್ಧ ಅಗಿದ ಸೊಪ್ಪು, ಅದರ ನಡುವೆ ಬಿಳಿಜಾಲಿಯ ಹೂವಿನ ಉಂಡೆಗಳು. ಸುತ್ತ ನಿಂತವರಿಗೆ ಹಿಡಿದು ತೋರಿಸಿದೆ. ಆ ತಿಂಗಳು ಯಾವ ಕುರಿಯ ಹೊಟ್ಟೆ ಸೀಳಿದರೂ ಅದೇ ಹೂವು ಸಿಗುತ್ತಿತ್ತು ಎಂದು ನನಗೆ ಹೊಳೆಯಲಿಲ್ಲ. ಚೀಲಕ್ಕೆ ಅಂಟಿಕೊಂಡಿದ್ದ ಗುಲ್ಮ ಮಾಮೂಲಿಗಿಂತ ಎರಡು ಪಟ್ಟು ಊದಿ, ಕಪ್ಪಗೆ ಹಲ್ವದಂತೆ ಮೆತ್ತಗಾಗಿತ್ತು. ಅದು ನೆರಡಿಯ ಗುರುತು, ಅದನ್ನು ನೋಡಿದೆ. ಇವತ್ತಿಗೂ ಕಣ್ಣ ಮುಂದಿದೆ. ಆದರೆ ಪುಸ್ತಕದಲ್ಲಿ ಆಗಲೇ ಬರೆದಾಗಿತ್ತು.

"ಅದೇ ಮರಾನಾ ಸಾಮಿ?" ಎಂದರು ಮಾದಮ್ಮ.

"ಅದೇ ಮರ ಅಮ್ಮ."

"ಕರಿ ತಿನ್ಬೋದಾ ಸಾರ್?" ಇದು ಸಿದ್ದಪ್ಪ. ಮಾಂಸಕ್ಕೆ ಆ ಕಡೆ ಕರಿ ಎನ್ನುತ್ತಾರೆ.

"ಹೊಟ್ಟೆ, ಕರುಳು ಹೂತುಬಿಡು. ಮಾಂಸಕ್ಕೇನೂ ಆಗುವುದಿಲ್ಲ."

ಹಿಂದೆ ನಿಂತಿದ್ದ ಯಾರೋ ನಕ್ಕರು. "ತಿನ್ನೋದೆಲ್ಲಿ ಬಂತು? ಪುರಟ್ಟಾಸಿ ಅಲ್ವಾ? ಅವರಕ್ಕ ಈ ತಿಂಗ್ಳು ಮೊಟ್ಟೇನೂ ಒಳಗೆ ಬಿಡಾಕಿಲ್ಲ!"

"ಉಪ್ಪುಕಂಡ ಆಕ್ತೀನಿ ಕಣ್ಲಾ," ಎಂದ ಸಿದ್ದಪ್ಪ. "ತಿಂಗ್ಳು ಮುಗೀಲಿ, ಆಮೇಲೆ ನೀನೇ ತಟ್ಟೆ ಇಡ್ಕೊಂಡ್ ಬತ್ತೀಯಾ."

ಪುರಟ್ಟಾಸಿ ತಿರುಪತಿ ದೇವರ ತಿಂಗಳು. ಆ ಊರಿನಲ್ಲಿ ಒಬ್ಬರೂ ಮಾಂಸ ಬೇಯಿಸುತ್ತಿರಲಿಲ್ಲ. ಆದ್ದರಿಂದ ನಾಲ್ಕು ಕುರಿಗಳ ಮಾಂಸವನ್ನು ಉದ್ದುದ್ದ ಎಳೆಗಳಾಗಿ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟಿದರು. ಅದು ಉಪ್ಪುಕಂಡ. ಒಣಗಿದ ಮೇಲೆ ಏಳು ಮನೆಗಳಿಗೆ ಹಂಚಿದರು. ಅವತ್ತು ಮಧ್ಯಾಹ್ನವೆಲ್ಲ ಸಿದ್ದಪ್ಪ ಒಬ್ಬನೇ ಸುಲಿದು ಸೀಳುತ್ತಿದ್ದ. ಬೆವರು ಕಣ್ಣಿಗಿಳಿದಾಗ ಮೊಣಕೈ ಮಡಚಿ ಒರೆಸಿಕೊಳ್ಳುತ್ತಿದ್ದ. ನಾನು ಬೇವಿನ ನೆರಳಿನಲ್ಲಿ ಮಜ್ಜಿಗೆ ಕುಡಿಯುತ್ತ ಅದನ್ನು ನೋಡಿದ್ದೇನೆ.

ಬಾವಿಯ ಸುತ್ತ ಮೂರು ಬಿಳಿಜಾಲಿಗಳಿದ್ದವು. ಮಾದಮ್ಮನವರ ಮಾವ ನೆಟ್ಟವಂತೆ. ಮಾರನೆಯ ದಿನ ಮೂರನ್ನೂ ಕಡಿದರು. ಕಡಿಯಿರಿ ಎಂದು ನಾನು ಹೇಳಿರಲಿಲ್ಲ. ಕಡಿಯುತ್ತಿದ್ದೇವೆ ಎಂದು ಹೇಳಿ ಕಳಿಸಿದಾಗ ಬೇಡ ಎನ್ನಲೂ ಇಲ್ಲ. ಆಮೇಲೊಮ್ಮೆ ಹೋದಾಗ ಜೇನ್ನೊಣಗಳು, ಮರವಿದ್ದ ಎತ್ತರದಲ್ಲಿ, ಬರಿಯ ಗಾಳಿಯಲ್ಲಿ ಸುತ್ತುತ್ತಿದ್ದವು.

ನಾಲ್ಕನೆಯ ದಿನ ಸಿದ್ದಪ್ಪ ಆಸ್ಪತ್ರೆಗೆ ಬಂದ. ಬಲಗಣ್ಣಿನ ಮೇಲಿನ ರೆಪ್ಪೆ ಸ್ವಲ್ಪ ಊದಿತ್ತು, ಮಧ್ಯೆ ಒಂದು ಸಣ್ಣ ಬೊಕ್ಕೆ.

"ಏನೋ ಪೂಚಿ ಕಡಿದೈತೆ ಸಾರ್. ಎತ್ತಿಗೆ ಆಕ್ತೀರಲ್ಲ ಆ ಕಣ್ಣು ಮದ್ದು, ಅದನ್ನೇ ಎಲ್ಡು ತೊಟ್ಟು ಬಿಡಿ. ನಾನೂ ಎತ್ತೇ ಅಲ್ವಾ?"

ನಾನೂ ನಕ್ಕೆ. ಹುಳುವೇ ಕಚ್ಚಿರಬೇಕು ಎಂದೆ. ಮದ್ದು ಬಿಟ್ಟು ಕಳಿಸಿದೆ. ಆ ಒಂದು ದಿನವನ್ನು ಇಷ್ಟು ವರ್ಷ ಎಷ್ಟು ಸಲ ವಾಪಸು ಕೇಳಿದ್ದೇನೋ ಲೆಕ್ಕವಿಲ್ಲ.

ಮಾರನೆಯ ಬೆಳಿಗ್ಗೆ ಅವನನ್ನು ಇಬ್ಬರು ಹಿಡಿದುಕೊಂಡು ಬಂದರು. ಮುಖದ ಬಲಭಾಗ ಕುತ್ತಿಗೆಯವರೆಗೂ ಊದಿಕೊಂಡಿತ್ತು. ರೆಪ್ಪೆಯ ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ, ಸುತ್ತ ನೀರುಗುಳ್ಳೆಗಳ ಬಳೆ.

"ನೋವಿದೆಯಾ ಸಿದ್ದಪ್ಪ?"

"ಅದೇ ಅತಿಶಯ ಸಾರ್. ನೋವೇ ಇಲ್ಲ."

ನೋವಿಲ್ಲದ ಕಪ್ಪು ಹುಣ್ಣು. ಕಾಲೇಜಿನ ಪಠ್ಯಪುಸ್ತಕದ ಆ ಪುಟ, ಆ ಪುಟದಲ್ಲಿದ್ದ ಚಿತ್ರ ಕೂಡ ನೆನಪಿಗೆ ಬಂತು. ಪೆರುಮಾಳ್ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಏನೂ ಕೇಳದೆ ರಸ್ತೆಗೆ ಓಡಿ ಒಂದು ಲಾರಿಗೆ ಕೈ ಅಡ್ಡ ಹಿಡಿದರು. ಧರ್ಮಪುರಿಗೆ ಕರೆದೊಯ್ಯುವಾಗ ಒಂದು ಚೀಟಿ ಕೊಟ್ಟೆ. ಅದರಲ್ಲಿ ಆಂಥ್ರಾಕ್ಸ್ ಎಂದೂ, ಕುರಿ ಸುಲಿದಿದ್ದಾನೆ ಎಂದೂ ಬರೆದಿದ್ದೆ. ಐದು ದಿನ ತಡವಾಗಿ ನಾನು ಬರೆದ ಸರಿಯಾದ ಚೀಟಿ ಅದು.

ಆಮೇಲೆ ಮೇಲಧಿಕಾರಿಗೆ ಫೋನ್ ಮಾಡಿದೆ. ಸಹಾಯಕ ನಿರ್ದೇಶಕರು, ಹೊಸೂರು ಕಡೆಯ ಹೆಂಗಸು. ನಾವೆಲ್ಲ ಎ.ಡಿ. ಮೇಡಂ ಎನ್ನುತ್ತಿದ್ದೆವು. ಅವರ ಬಾಯಿಗೆ ಹೆದರದ ಡಾಕ್ಟರ್ ಇರಲಿಲ್ಲ. ಆ ದಿನ ಫೋನಿನಲ್ಲಿ ಅವರು ಬೈಯಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಜೀಪಿನಲ್ಲಿ ನೇರ ಮಾದಮ್ಮನವರ ಹಟ್ಟಿಗೆ ಬಂದರು. ಅಷ್ಟರಲ್ಲಿ ಐದನೆಯ ಕುರಿ ಸತ್ತಿತ್ತು. ಮೇಡಂ ಕೈಗೆ ಗ್ಲೌಸ್ ಹಾಕಿ, ಕಿವಿಯಿಂದ ಒಂದು ಹನಿ ತೆಗೆದು, ಆ ತೂತಿಗೆ ಔಷಧಿ ಅದ್ದಿದ ಹತ್ತಿ ಒತ್ತಿ, ಕುರಿಯನ್ನು ಇಡಿಯಾಗಿ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿಸಿದರು. ಸ್ಲೈಡಿನದು ಹತ್ತು ನಿಮಿಷದ ಕೆಲಸ.

ಆಸ್ಪತ್ರೆಯ ಕಿಟಕಿಯ ಬೆಳಕಿನಲ್ಲಿ ಮೈಕ್ರೋಸ್ಕೋಪ್ ಇಟ್ಟು, ತಾವು ನೋಡಿ, ಪಕ್ಕಕ್ಕೆ ಸರಿದರು.

"ಬಾಪ್ಪಾ ಡಾಕ್ಟರ್. ಇದು ಯಾವ ಮರದ ಹೂವು, ಹೇಳು ನೋಡೋಣ."

ನೀಲಿ ಕಡ್ಡಿಗಳು ಒಂದರ ತುದಿಗೊಂದು ಸೇರಿ ಸರಪಳಿಯಾಗಿದ್ದವು. ಸುತ್ತ ತೆಳ್ಳಗೆ ಗುಲಾಬಿ ಬಣ್ಣ. ಅದು ನೆರಡಿಯ ಬ್ಯಾಕ್ಟೀರಿಯ.

"ಮೊದಲ ನಾಲ್ಕರ ಮಾಂಸ ಎಲ್ಲಿ?"

ಹೇಳಿದೆ. ಇನ್ನು ಒಂಬತ್ತು ದಿನಕ್ಕೆ ಪುರಟ್ಟಾಸಿ ಮುಗಿಯುತ್ತದೆ, ಅವತ್ತು ಏಳು ಮನೆಗಳಲ್ಲೂ ಸಾರು ಕುದಿಯುತ್ತದೆ ಎಂದೂ ಹೇಳಿದೆ. ಉಪ್ಪಿಗೆ, ಬಿಸಿಲಿಗೆ ಆ ಬ್ಯಾಕ್ಟೀರಿಯ ಸಾಯುವುದಿಲ್ಲ. ತೊಳೆಯುವ, ಕತ್ತರಿಸುವ, ಮಕ್ಕಳ ಕೈಗೆ ಒಂದು ಚೂರು ಕೊಡುವ ಹೆಂಗಸರ ಕೈಗಳಿಗೆ ಅದು ಹತ್ತುತ್ತದೆ. ಪೋಲೀಸರನ್ನು ಕರೆದುಕೊಂಡು ಹೋಗಿ ವಶ ಮಾಡಿಕೊಳ್ಳೋಣವೇ ಎಂದು ಕೇಳಿದೆ.

"ಪೋಲೀಸ್ ಕಂಡರೆ ಅರ್ಧ ಮಾಂಸ ಅಟ್ಟಕ್ಕೆ ಹೋಗುತ್ತೆ," ಎಂದರು. "ನೀನೇ ಹೋಗು. ತಪ್ಪು ಮಾಡಿದೆ ಅಂತ ನಿನ್ನ ಬಾಯಲ್ಲೇ ಹೇಳು. ಬೇರೆ ದಾರಿ ಇಲ್ಲ."

ಮಾದಮ್ಮನವರ ಅಂಗಳದಲ್ಲಿ ಜನ ಸೇರಿದರು. ನಾನು ನಿಂತು ಹೇಳಿದೆ. ಮರವಲ್ಲ, ಅಡೈಪ್ಪಾನ್. ನಾನು ಸರಿಯಾಗಿ ನೋಡಲಿಲ್ಲ. ಆ ಮಾಂಸ ಯಾರೂ ಮುಟ್ಟಬೇಡಿ. ಒಂದು ಮುದುಕ "ಅವತ್ತು ತಿನ್ನಿ ಅಂದೋರೂ ನೀವೇ, ಇವತ್ತು ಬ್ಯಾಡ ಅನ್ನೋರೂ ನೀವೇ. ನಾಳೀಕೆ ಏನಂತೀರಾ?" ಎಂದ. ಕೆಲವರು ನಕ್ಕರು. ಮಾದಮ್ಮ ನಗಲಿಲ್ಲ.

"ಮರ ಕಡುದ್ವಲ್ಲ ಸಾಮಿ," ಎಂದರು. "ಮೂರು ಮರ. ಆ ಮರ ಏನು ತಪ್ಪು ಮಾಡ್ತು?"

ಅವರು ಒಳಗೆ ಹೋಗಿ ಒಲೆಯ ಮೇಲಿನ ಹಗ್ಗದಿಂದ ಕೋಲಿನಲ್ಲಿ ಉಪ್ಪುಕಂಡ ಇಳಿಸಿ, ಮೊರದಲ್ಲಿ ತಂದು ನನ್ನ ಕಾಲ ಹತ್ತಿರ ಇಟ್ಟರು. "ನನ್ ತಮ್ಮ ಆಸ್ಪತ್ರೀಲಿ ಅವ್ನೆ. ಅವ್ನ್ ಮುಖ ನೋಡಿದೋರು ತಂದು ಆಕಿ. ಇವರನ್ನ ನಂಬಿ ಅಂತ ನಾನೇನೂ ಅನ್ನಾಕಿಲ್ಲ." ಒಂದೊಂದೇ ಮನೆಯಿಂದ ಮೊರ ಬಂತು. ಕುರಿಗಳ ಚರ್ಮವೂ ಬಂತು. ಸೀಮೆಎಣ್ಣೆ ಸುರಿದು ಸುಟ್ಟೆವು.

ಪೆರುಮಾಳ್ ಎಣಿಸುತ್ತಿದ್ದರು. "ಒಂದ್ ಪಾಲು ಇಲ್ಲ ಸಾರ್."

ಅದು ಮೆಟ್ಟೂರಿಗೆ ಹೋಗಿತ್ತು. ಮಾದಮ್ಮನವರ ಮಗಳು ಸೆಲ್ವಿಯ ಮನೆಗೆ, ಬಸ್ಸಿನ ಡ್ರೈವರ್ ಕೈಯಲ್ಲಿ ಡಬ್ಬ ಕಳಿಸಿದ್ದರು. ಅಳಿಯನಿಗೆ ವ್ರತ ನೇಮ ಏನೂ ಇಲ್ಲವೆಂದು ಕೇಳಿ ನಾನು, ಪೆರುಮಾಳ್ ಸಿಕ್ಕ ಬಸ್ಸು ಹತ್ತಿದೆವು. ಅಣೆಕಟ್ಟೆಯ ಹತ್ತಿರದ ಕಾಲನಿಯಲ್ಲಿ ಮನೆ ಹುಡುಕಿ ಬಾಗಿಲು ತಟ್ಟಿದರೆ ಸೆಲ್ವಿಯ ಅತ್ತೆ ಬಂದರು. ನಾವು ಡಬ್ಬ ಎಂದ ಕೂಡಲೇ ಶುರುವಾದರು.

"ಪುರಟ್ಟಾಸೀಲಿ ಯಾರಾದ್ರೂ ಕರಿ ಕಳಿಸ್ತಾರಾ? ಎಂಥಾ ಬೀಗ್ತೀನಪ್ಪ ನಂದು! ನನ್ ಮಗ ಬಾಯಲ್ಲಿ ನೀರು ಬಿಟ್ಕೊಂಡು ಸುತ್ತಿ ಸುತ್ತಿ ಬತ್ತಾ ಇದ್ದ. ಮನೆ ಒಳಗೇ ಸೇರಿಸ್ಲಿಲ್ಲ ನಾನು. ಕಕ್ಕಸು ಮೇಲೆ ಇಡಿಸಿವ್ನಿ, ಓಗಿ ಎತ್ಕೊಳ್ಳಿ!"

ಹಾಲಿನ ಪುಡಿಯ ಡಬ್ಬ, ಮುಚ್ಚಳಕ್ಕೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿರಲಿಲ್ಲ. ಪೆರುಮಾಳ್ ಆ ಬಿಸಿಲಿನಲ್ಲಿ ಕಕ್ಕಸಿನ ಗೋಡೆಗೆ ಒರಗಿ ನಿಂತು ಅಳುವ ಹಾಗೆ ನಕ್ಕರು. ಅತ್ತೆಗೆ ನಮಸ್ಕಾರ ಮಾಡಿದೆ. ಆಕೆಗೆ ಯಾಕೆಂದು ತಿಳಿಯಲಿಲ್ಲ.

ಬೇರೆ ಯಾರಿಗೂ ಏನೂ ಆಗಲಿಲ್ಲ. ನನಗೂ ಆಗಲಿಲ್ಲ. ಬರಿಗೈಯಲ್ಲಿ ಆ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದವನು ನಾನು. ಡಾಕ್ಟರ್ ಹೇಳಿದಷ್ಟು ದಿನ ಪೆನಿಸಿಲಿನ್ ಹಾಕಿಸಿಕೊಂಡೆ. ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸೊಳ್ಳೆ ಕಚ್ಚಿದ ಗುರುತಿಗೂ ಪೆನ್ನಿನಲ್ಲಿ ಸುತ್ತು ಹಾಕಿ, ಮಾರನೆಯ ದಿನ ಹಿಗ್ಗಿದೆಯೇ ಎಂದು ನೋಡುತ್ತಿದ್ದೆ. ಅವತ್ತು ತೊಟ್ಟಿದ್ದ ಷರಟನ್ನು ಸುಟ್ಟೆ. ಅದೇ ಷರಟಿನಲ್ಲಿ ಮಗಳನ್ನು ಎತ್ತಿಕೊಂಡಿದ್ದೆ ಎಂಬುದು ಆಮೇಲೆ ನೆನಪಾಯಿತು. ಅವಳ ಕೆನ್ನೆಯನ್ನೂ ದಿನಾ ನೋಡುತ್ತಿದ್ದೆ. ಯಾಕೆಂದು ಹೆಂಡತಿಗೆ ಹೇಳಲಿಲ್ಲ.

ಸಿದ್ದಪ್ಪ ಬದುಕಿದ. ಹನ್ನೆರಡು ದಿನ ಏನೂ ಹೇಳಲಾಗದು ಎಂದಿದ್ದರು, ಆಮೇಲೆ ಊತ ಇಳಿಯಿತು. ಕಪ್ಪು ಹಕ್ಕಳೆ ಉದುರಿದಾಗ ರೆಪ್ಪೆಯ ಚರ್ಮವೂ ಅದರ ಜೊತೆ ಹೋಯಿತು. ಉಳಿದದ್ದು ಮುದುರಿ ಹುಬ್ಬಿನ ಕಡೆಗೆ ಎಳೆದುಕೊಂಡಿತು. ಬಲಗಣ್ಣಿಗೆ ದೃಷ್ಟಿ ಇತ್ತು, ಮುಚ್ಚಲು ಆಗುತ್ತಿರಲಿಲ್ಲ. ಧೂಳು, ಗಾಳಿ, ಬಿಸಿಲು ಎಲ್ಲ ಅದರೊಳಗೆ. ಮಲಗುವಾಗ ಮುಲಾಮು ಹಚ್ಚಿ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ. ಬಟ್ಟೆ ಒಣಗಿದರೆ ಉರಿಗೆ ಎದ್ದು ಕೂರುತ್ತಿದ್ದ. ಹೀಗೇ ಬಿಟ್ಟರೆ ಕಣ್ಣಿನ ಗುಡ್ಡೆ ಒಣಗಿ ದೃಷ್ಟಿಯೂ ಹೋಗುತ್ತದೆ ಎಂದು ಡಾಕ್ಟರ್ ನನಗೆ ಹೇಳಿದ್ದರು.

ಮೇಡಂ ನನ್ನನ್ನು ವರ್ಗ ಮಾಡಿಸಲಿಲ್ಲ. ಆ ಊರಿಗೆ ಲಸಿಕೆ ಹಾಕುವ ಕೆಲಸ ನೀನೇ ಮಾಡು ಎಂದರು. ನಾನು ಕುರಿ ಕೊಯ್ದ ಜಾಗಕ್ಕೆ ಮುಳ್ಳುಬೇಲಿ ಹಾಕಿಸಿದೆವು. ಅಲ್ಲಿಯ ಮಣ್ಣಿಗೆ ಅದನ್ನು ಇಳಿಸಿದವನು ನಾನು, ತೆಗೆಯುವುದು ನನ್ನಿಂದಾಗದು. ಅಂದಿನಿಂದ ನಿವೃತ್ತನಾಗುವವರೆಗೂ, ಕಾರಣ ಎಷ್ಟೇ ಸ್ಪಷ್ಟವಾಗಿ ಕಂಡರೂ, ದಿಢೀರ್ ಸತ್ತ ಪ್ರಾಣಿಯ ಕಿವಿಯಿಂದ ಸ್ಲೈಡ್ ತೆಗೆಯದೆ ಬಂದದ್ದಿಲ್ಲ. ಈಗಿನವರ ಕೈಯಲ್ಲಿ ಫೋನಿದೆ, ಲ್ಯಾಬಿನ ಉತ್ತರ ಬೇಗ ಬರುತ್ತದೆ, ಗ್ಲೌಸ್ ಕೊರತೆಯಿಲ್ಲ. ಆದರೂ ಹೇಳುತ್ತೇನೆ. ಹಿಂದಿನ ವಾರ ನೀವು ಗೆದ್ದ ಕೇಸು ಈ ವಾರದ ಕೇಸಿನ ಬಳಿಗೆ ನಿಮ್ಮ ಜೊತೆಗೇ ಬಂದಿರುತ್ತದೆ. ಜೊತೆಗಿರುವ ಹಿರಿಯ ಸಹಾಯಕರು ಒಂದು ಮಾತು ಹೇಳಿದರೆ ಕೇಳಿ. ಅವರು ಎರಡನೆಯ ಸಲ ಹೇಳುವುದಿಲ್ಲ.

ಲಸಿಕೆಗೆ ಹೋದಾಗಲೆಲ್ಲ ಕುರಿ ಹಿಡಿದುಕೊಡಲು ಸಿದ್ದಪ್ಪನೇ ಬರುತ್ತಿದ್ದ. ನಾನು ಅವನ ಕಣ್ಣು ನೋಡದೆ ಸೂಜಿ ಹಾಕುತ್ತಿದ್ದೆ. ಅವನೇ ಮಾತು ತೆಗೆಯುತ್ತಿದ್ದ.

"ಒಳ್ಳೇದೇ ಆಯ್ತು ಸಾರ್. ಒಂದ್ ಕಣ್ಣು ಮಲಗ್ತದೆ, ಒಂದ್ ಕಣ್ಣು ಅಟ್ಟಿ ಕಾಯ್ತದೆ. ಕುರಿ ಕಳ್ಳರು ಈ ಕಡೀಕೇ ಬರಾಕಿಲ್ಲ."

ಸುತ್ತ ಇದ್ದವರು ನಗುತ್ತಿದ್ದರು. ಅವನು ಒಂದು ಸಲವಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮನೆಗೆ ಬಂದು ಮಲಗಿದರೆ ರಾತ್ರಿ ಎರಡು ಗಂಟೆಗೆ ಎಚ್ಚರ. ಈಗ ಅವನ ಬಟ್ಟೆ ಒಣಗಿರುತ್ತದೆ ಎಂಬ ಯೋಚನೆ.

ಸೇಲಂನಲ್ಲಿ ಒಬ್ಬ ಕಣ್ಣಿನ ಡಾಕ್ಟರ್, ಕಿವಿಯ ಹಿಂದಿನ ಚರ್ಮ ತೆಗೆದು ರೆಪ್ಪೆಗೆ ಕೂಡಿಸಬಹುದು ಎಂದರು. ಸಿದ್ದಪ್ಪ ಒಪ್ಪಲಿಲ್ಲ. "ಡಾಕ್ಟ್ರು ಕತ್ತಿ ಎತ್ಕಂಡ್ರೆ ನಂಗೆ ಬಯ ಸಾರ್, ತಪ್ಪು ತಿಳ್ಕಬ್ಯಾಡಿ" ಎಂದ. ಹೇಗೆ ತಪ್ಪು ತಿಳಿಯಲಿ? ಎರಡು ವರ್ಷ ಕೇಳುತ್ತಲೇ ಇದ್ದೆ. ಕೊನೆಗೆ, ಆ ಕಣ್ಣು ಮಂಜಾಗತೊಡಗಿದಾಗ, ಮಾದಮ್ಮ ತಮ್ಮನ ಬಟ್ಟೆ ಗಂಟು ಕಟ್ಟಿ ನನ್ನ ಮುಂದಿಟ್ಟರು. "ನೀವೇ ಕರ್ಕೊಂಡೋಗಿ. ನೀವೇ ಕರ್ಕೊಂಡ್ ಬನ್ನಿ. ಬ್ಯಾರೆ ಯಾರ ಜೊತೇಲೂ ನಾನು ಕಳ್ಸಾಕಿಲ್ಲ." ನನ್ನನ್ನು ನಂಬಿ ಎಂದು ಯಾರಿಗೂ ಹೇಳದ ಹೆಂಗಸು.

ನಾನು ರಜೆ ಹಾಕಿ ಅವನ ಜೊತೆ ಉಳಿದೆ. ಆಪರೇಷನ್ ಆಗಿ ಕೆಲವು ದಿನಗಳ ಮೇಲೆ, ಒಂದು ಬೆಳಿಗ್ಗೆ, ಡಾಕ್ಟರ್ ಕಟ್ಟು ಬಿಚ್ಚಿದರು. ರೆಪ್ಪೆ ಕೆಂಪಗೆ, ಹೊಲಿಗೆಯ ಗುರುತಿನೊಂದಿಗೆ ಒರಟಾಗಿತ್ತು. ಮೆಲ್ಲಗೆ ಮುಚ್ಚಿ ನೋಡೋಣ ಎಂದರು.

ಎರಡೂ ಕಣ್ಣು ಮುಚ್ಚಿದವು.

ಡಾಕ್ಟರ್ ಟಾರ್ಚು ಹಿಡಿದು ನೋಡಿದರು. ಸಾಕು, ಬಿಡಿ ಎಂದರು. ಸಿದ್ದಪ್ಪ ಬಿಡಲಿಲ್ಲ. ಮತ್ತೊಮ್ಮೆ ಹೇಳಿದರು.

"ಇರಿ ಸಾರ್," ಎಂದ, ಮುಚ್ಚಿದ ಕಣ್ಣಲ್ಲೇ. "ಒಸಿ ಒತ್ತು ಇಂಗೇ ಇರ್ತೀನಿ."

ಡಾಕ್ಟರ್ ಟಾರ್ಚು ಆರಿಸಿ ಮುಂದಿನ ಮಂಚದ ಕಡೆ ಹೋದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವನು ಹಾಗೇ ನಿದ್ದೆ ಹೋದ.

ಆ ದಿನ ಸಂಜೆ ಸೇಲಂನಲ್ಲೇ ಇದ್ದ ತಂಗಿಯ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಎದ್ದಾಗ ಅಂಗಳದಲ್ಲಿ ಬಿಸಿಲು ಬಂದಿತ್ತು. ಎಬ್ಬಿಸಲು ಮೂರು ಸಲ ಬಂದೆ ಅಣ್ಣ, ನೀನು ಹೊರಳಲೂ ಇಲ್ಲ ಎಂದಳು ತಂಗಿ.